ವಿದೇಶದಲ್ಲಿ ಸಂಗೀತ ಓದಲು ಪಿಯಾನೋ ಬರಲೇಬೇಕೇ?
ವಿದೇಶದ ಯೂನಿವರ್ಸಿಟಿಗಳಲ್ಲಿ ಪಾಶ್ಚಾತ್ಯ ಸಂಗೀತ ಮಾತ್ರ ಇದೆ, ನಮ್ಮ ಮೃದಂಗ, ವೀಣೆ ಕಲಿತವರಿಗೆ ಅಲ್ಲಿ ಜಾಗವೇ ಇಲ್ಲ ಅಂತ ಒಂದು ಮೆಸೇಜ್ ಉಡುಪಿ, ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ವೆಸ್ಲಿಯನ್ ಯೂನಿವರ್ಸಿಟಿಯನ್ನೇ ನೋಡಿ. ಅಲ್ಲಿ 1960ರ ದಶಕದಿಂದಲೇ ಕರ್ನಾಟಕ ಸಂಗೀತದ ಪಾಠ ಇದೆ. ಟಿ. ರಂಗನಾಥನ್ ಅಲ್ಲಿ ಮೃದಂಗ ಕಲಿಸಿದರು, ಅವರ ತಮ್ಮ ಟಿ. ವಿಶ್ವನಾಥನ್ ಕೊಳಲು, ಹಾಡುಗಾರಿಕೆ ಹೇಳಿಕೊಟ್ಟರು, ಅದೂ ನಮ್ಮಲ್ಲಿಯ ಹಾಗೆ ಗುರುವಿನ ಎದುರು ಕೂತು ಕೇಳಿ ಕಲಿಯುವ ಪಾಠ. ಪಕ್ಕದಲ್ಲೇ ಜಾವಾದ ಗ್ಯಾಮೆಲಾನ್ (ಜಾಗಟೆ, ಲೋಹದ ಪಟ್ಟಿಗಳ ವಾದ್ಯಮೇಳ), ಪಶ್ಚಿಮ ಆಫ್ರಿಕಾದ ಡೋಲು! ತಾಳದ ಲೆಕ್ಕ ಕೈಯಲ್ಲಿ ಹಿಡಿದವರಿಗೆ ಇದೆಲ್ಲ ಎಷ್ಟು ದೊಡ್ಡ ಅವಕಾಶ ಅಲ್ವಾ?

ಹಾಗಂತ ಎಲ್ಲ ಕಡೆ ಒಂದೇ ನಿಯಮ ಇಲ್ಲ. ಕೆಲವು ಕೋರ್ಸಿಗೆ ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ) ಓದಲು ಬರಬೇಕು. ಆಯಾ ವಿಭಾಗಕ್ಕೇ ಮೇಲ್ ಮಾಡಿ ಕೇಳಿ. ಮೆಸೇಜ್ ನಂಬಿ ಮಕ್ಕಳ ಚೆಂಡೆ, ಮದ್ದಳೆ ಕ್ಲಾಸು ಬಿಡಿಸಬೇಡಿ.