ನಾಲ್ಕನೇ ವರ್ಷಕ್ಕೆ ಮೀಸಲಿದ್ದ ‘ಏಕೆ’

ಪತ್ರಿಕೋದ್ಯಮ ತರಗತಿಗೆ ಸೇರಿದವರಿಗೆ ಮೊದಲ ದಿನವೇ ಆರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಾರೆ: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಈ ಆರನ್ನೂ ಒಂದೇ ಬೆಳಿಗ್ಗೆ ಕಲಿಸಿ ಮುಗಿಸಿದರೆ ಉಳಿದ ಸೆಮಿಸ್ಟರುಗಳನ್ನು ಹೇಗೆ ಕಳೆಯುವುದೆಂಬ ಚಿಂತೆ ನಮ್ಮ ಉನ್ನತ ಶಿಕ್ಷಣವನ್ನು ಬಹುಕಾಲ ಕಾಡಿದ್ದಿರಬೇಕು. 2021ರಲ್ಲಿ ಅದಕ್ಕೊಂದು ಪರಿಹಾರ ದೊರೆಯಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯವೆನಿಸಿಕೊಳ್ಳುವ ಅವಸರದಲ್ಲಿದ್ದ ಕರ್ನಾಟಕ, ಆ ವರ್ಷದ ಆಗಸ್ಟಿನಲ್ಲಿ ಆದೇಶ ಹೊರಡಿಸಿ, ಪದವಿಯನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸಿತು. ಒಂದು ವರ್ಷ ಓದಿ ಎದ್ದು ಹೋಗುವವರಿಗೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಸ್ಟೇಜು ಲೆಕ್ಕದಲ್ಲಿ ಟಿಕೆಟು ಹರಿಯುವ ಬಸ್ಸಿನಂತೆ ಯಾರು ಎಲ್ಲಿ ಬೇಕಾದರೂ ಇಳಿಯಬಹುದಾಗಿತ್ತು.

ಬೇರೆ ವಿಷಯಗಳಿಗೆ ಈ ವ್ಯವಸ್ಥೆ ಹೇಗೆ ಹೊಂದಿತೋ ಕಾಣೆ, ಪತ್ರಿಕೋದ್ಯಮಕ್ಕಂತೂ ಹೇಳಿ ಮಾಡಿಸಿದಂತಿತ್ತು. ಒಂದು ವರ್ಷ ಕಲಿತವನು ‘ಯಾರು’ ಎಂದು ಕೇಳಲು ಅರ್ಹನೆಂದುಕೊಳ್ಳೋಣ. ಸಭೆಗೆ ಹೋಗಿ ವೇದಿಕೆಯ ಮೇಲಿದ್ದವರ ಹೆಸರನ್ನೆಲ್ಲ ತಪ್ಪಿಲ್ಲದೆ ಬರೆದುಕೊಂಡು ಬರಲು ಅಷ್ಟು ಸಾಕು. ಡಿಪ್ಲೊಮಾದವರಿಗೆ ‘ಎಲ್ಲಿ’ ಮತ್ತು ‘ಯಾವಾಗ’ ಸಿಗುತ್ತವೆ. ಪದವೀಧರರು ‘ಏನು’ ಎಂಬಲ್ಲಿಗೆ ತಲುಪಿ, ಉದ್ಘಾಟಿಸಿದವರು ಏನು ಹೇಳಿದರೆಂಬುದನ್ನು ಅವರೇ ಕಳುಹಿಸಿದ ಪ್ರೆಸ್ ನೋಟಿನಿಂದ ಯಥಾವತ್ತಾಗಿ ಇಳಿಸಬಲ್ಲರು. ‘ಏಕೆ’ ಎಂಬುದು ಅಪಾಯದ ವಸ್ತುವಾದ್ದರಿಂದ ಅದನ್ನು ನಾಲ್ಕೂ ವರ್ಷದ ಕ್ರೆಡಿಟ್ ಪೂರೈಸಿದ ಆನರ್ಸ್‌ನವರ ಕೈಗಷ್ಟೇ ಕೊಡುವುದು ಕ್ಷೇಮ.

ಈ ಕ್ರೆಡಿಟುಗಳು ತುಂಬಿದ ಬಗೆಯೂ ಸೊಗಸಾಗಿತ್ತು. ಸುದ್ದಿ ಬರೆಯುವುದನ್ನು ಕಲಿಯಲು ಬಂದವರು ಡಿಜಿಟಲ್ ಫ್ಲೂಯೆನ್ಸಿ ಕಲಿತರು, ಯೋಗಕ್ಕೆ ಅಂಕ ಪಡೆದರು, ಆರೋಗ್ಯ ಮತ್ತು ಸ್ವಾಸ್ಥ್ಯದಲ್ಲಿ ತೇರ್ಗಡೆಯಾದರು. ಮೂರು ಗಂಟೆಯ ಪತ್ರಿಕಾಗೋಷ್ಠಿಯಲ್ಲಿ ಬೆನ್ನು ನೆಟ್ಟಗಿಟ್ಟು ಕೂರಲು ಯೋಗಾಭ್ಯಾಸ ನೆರವಾಗುತ್ತದೆಂಬುದನ್ನು ನಾನು ಅಲ್ಲಗಳೆಯಲಾರೆ.

ಕೆಲವು ಕಾಲ ಅತಿಥಿ ಉಪನ್ಯಾಸಕನಾಗಿದ್ದ ನನಗೆ ಒಂದು ಕಾಲೇಜಿನ ಪ್ರಾಯೋಗಿಕ ಪತ್ರಿಕೆಯನ್ನು ಹತ್ತಿರದಿಂದ ನೋಡುವ ಭಾಗ್ಯ ಒದಗಿತ್ತು. ನಾಲ್ಕು ಪುಟದ ಆ ಪತ್ರಿಕೆಯ ಮುಖಪುಟದ ಐದು ಸುದ್ದಿಗಳಲ್ಲಿ ನಾಲ್ಕು ‘ಸಂಭ್ರಮದಿಂದ ಜರುಗಿತು’ ಎಂದೇ ಮುಗಿಯುತ್ತಿದ್ದವು. ಐದನೆಯದು, ವಿಭಾಗದ ಸ್ಟುಡಿಯೋಗೆ ಉದ್ಘಾಟನೆಯಾದ ಮರುದಿನ ಬಿದ್ದ ಬೀಗ ಇಂದಿಗೂ ತೆರೆದಿಲ್ಲವೆಂಬ, ಒಬ್ಬ ಹುಡುಗಿ ಬರೆದ ಎಂಟು ಸಾಲಿನ ವರದಿ. ಬೀಗದ ಕೈ ಯಾರ ಬಳಿ ಇದೆಯೆಂದು ಅವಳು ಮೂವರನ್ನು ಕೇಳಿದ್ದಳು; ಒಬ್ಬೊಬ್ಬರೂ ಉಳಿದಿಬ್ಬರ ಕಡೆ ಬೆರಳು ತೋರಿಸಿದ್ದನ್ನು ಯಾವ ವಿಶೇಷಣವನ್ನೂ ಬಳಸದೆ ದಾಖಲಿಸಿದ್ದಳು. ಪ್ರಾಚಾರ್ಯರು ಕರಡಚ್ಚನ್ನು ಓದಿ, “ಬರವಣಿಗೆ ಚೆನ್ನಾಗಿದೆಯಮ್ಮ, ಆದರೆ ಇದು ಸುದ್ದಿಯಲ್ಲ, ನಮ್ಮ ಮನೆಯ ವಿಷಯ” ಎಂದರು. ಆ ಜಾಗಕ್ಕೆ ರಕ್ತದಾನ ಶಿಬಿರದ ಚಿತ್ರ ಬಂದಿತು. ಮುಂದಿನ ವಾರ ಕಿರುಪರೀಕ್ಷೆಯಲ್ಲಿ ‘ಪತ್ರಿಕೆಯಲ್ಲಿ ದ್ವಾರಪಾಲಕನ ಪಾತ್ರವನ್ನು ಸೋದಾಹರಣವಾಗಿ ವಿವರಿಸಿ’ ಎಂಬ ಪ್ರಶ್ನೆಯಿತ್ತು; ಯಾವ ಸುದ್ದಿ ಅಚ್ಚಾಗಬೇಕು, ಯಾವುದು ಬೇಡವೆಂದು ತೀರ್ಮಾನಿಸುವವರಿಗೆ ಪಠ್ಯದಲ್ಲಿ ಆ ಹೆಸರು. ಹುಡುಗಿ ಉದಾಹರಣೆಗಾಗಿ ದೂರ ಹೋಗಲಿಲ್ಲ. ಅವಳ ಆಂತರಿಕ ಅಂಕಗಳೂ ದೂರ ಹೋಗಲಿಲ್ಲ, ಇದ್ದಲ್ಲೇ ನಿಂತವು.

ಪ್ರತಿ ವರ್ಷ ಜುಲೈ 1ರಂದು ಇದೇ ವಿಭಾಗದಲ್ಲಿ ಪತ್ರಿಕಾ ದಿನಾಚರಣೆಯಾಗುತ್ತದೆ. 1843ರ ಅದೇ ದಿನ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರ ಚಿತ್ರಕ್ಕೆ ಹಾರ ಹಾಕುತ್ತಾರೆ. ಆ ಪಾದ್ರಿ ಇಂದು ಅರ್ಜಿ ಹಾಕಿದರೆ, ಸಂಬಂಧಿತ ವಿಷಯದಲ್ಲಿ ಸ್ನಾತಕೋತ್ತರ ಪದವಿಯಿಲ್ಲವೆಂದು ಅವರನ್ನು ಅತಿಥಿ ಉಪನ್ಯಾಸಕರ ಪಟ್ಟಿಗೂ ಸೇರಿಸಿಕೊಳ್ಳುವುದಿಲ್ಲ. ಮೆಟ್ರಿಕ್ಯುಲೇಷನ್ ದಾಟದೆಯೇ ಪತ್ರಿಕೆ ನಡೆಸಿದ ಡಿ.ವಿ. ಗುಂಡಪ್ಪನವರ ವಿಷಯವನ್ನಂತೂ ಕೇಳುವುದೇ ಬೇಡ. ಅವರ ಕುರಿತ ಐದು ಅಂಕದ ಟಿಪ್ಪಣಿಯನ್ನು ಸರಿಯಾಗಿ ಬರೆಯಲಾಗದೆ ಪದವಿಗೆ ಎಡವಿದವರನ್ನು ನಾನೇ ಬಲ್ಲೆ.

ಬಸ್ಸು ಹೀಗೆ ಸಾಗುತ್ತಿರುವಾಗ 2023ರಲ್ಲಿ ಚಾಲಕರು ಬದಲಾದರು. ಹೊಸ ಸರ್ಕಾರ ಅಕ್ಟೋಬರಿನಲ್ಲಿ ಅರ್ಥಶಾಸ್ತ್ರಜ್ಞ ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ರಚಿಸಿತು. ಆಯೋಗದ ಮಧ್ಯಂತರ ವರದಿ ಬಂದ ಬಳಿಕ, 2024ರ ಮೇ ತಿಂಗಳಲ್ಲಿ, ಆ ಸಾಲಿನಿಂದ ಪದವಿ ಮತ್ತೆ ಮೂರು ವರ್ಷದ್ದೆಂದು ಆದೇಶವಾಯಿತು. ನಡುವಿನ ಮೂರು ಸಾಲಿನಲ್ಲಿ ಹತ್ತಿದವರು ಮಾತ್ರ ಇಷ್ಟವಿದ್ದರೆ ನಾಲ್ಕನೇ ವರ್ಷದವರೆಗೆ ಹೋಗಬಹುದು. ಹೀಗಾಗಿ ಒಂದೇ ಕಾರಿಡಾರಿನಲ್ಲಿ ಎರಡು ನೀತಿ, ಎರಡು ಪಠ್ಯಕ್ರಮ, ಎರಡು ಬಗೆಯ ಅಂಕಪಟ್ಟಿಗಳು ಮುಖಾಮುಖಿಯಾಗಿ ಓಡಾಡತೊಡಗಿದವು. ಎರಡಕ್ಕೂ ಪಾಠ ಮಾಡುವ ಅತಿಥಿ ಉಪನ್ಯಾಸಕ ಒಬ್ಬನೇ, ಅವನ ಗೌರವಧನವೂ ಒಂದೇ, ಅದು ಬಾಕಿಯಿರುವ ತಿಂಗಳುಗಳೂ ಅವೇ. ನಾಲ್ಕು ವರ್ಷ ಏಕೆ ಬೇಕಿತ್ತೆಂದು 2021ರಲ್ಲಿ ಕೇಳಿದವರಿಗೆ ‘ಸುತ್ತೋಲೆ ಬಂದಿದೆ’ ಎಂಬ ಉತ್ತರ ಸಿಕ್ಕಿತ್ತು. ಈಗ ಏಕೆ ಬೇಡವೆಂದು ಕೇಳಿದವರಿಗೂ ಅದೇ ಉತ್ತರ ಸಿಕ್ಕಿತು. ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕ ಬೇರೆಯಾಗಿದ್ದುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಸ್ಟುಡಿಯೋದ ಬೀಗದ ಬಗ್ಗೆ ಬರೆದ ಹುಡುಗಿ ನಾಲ್ಕನೇ ವರ್ಷಕ್ಕೂ ಉಳಿದಳು. ಅದಕ್ಕೆ ಮೊದಲು ಒಂದು ಪತ್ರಿಕಾ ಕಚೇರಿಯ ಸಂದರ್ಶನಕ್ಕೆ ಹೋಗಿಬಂದಿದ್ದಳು. ಆನರ್ಸ್ ಎಂದರೇನೆಂದು ಅಲ್ಲಿ ಯಾರೂ ಕೇಳಲಿಲ್ಲವಂತೆ. ಸ್ವಂತ ಸ್ಕೂಟರಿದೆಯೇ, ತಾಲ್ಲೂಕಿನಿಂದ ತಿಂಗಳಿಗೆ ಎಷ್ಟು ಜಾಹೀರಾತು ತರಬಲ್ಲಿರಿ ಎಂಬೆರಡೇ ಪ್ರಶ್ನೆಗಳಿದ್ದವು. ಆರು ಪ್ರಶ್ನೆಗಳ ಪಟ್ಟಿಯಲ್ಲಿ ‘ಎಷ್ಟು’ ಇಲ್ಲವಲ್ಲ ಸರ್ ಎಂದು ನನಗೆ ಫೋನು ಮಾಡಿದ್ದಳು.

ವರ್ಷದ ಕೊನೆಗೆ ಸಂಶೋಧನಾ ಪ್ರಬಂಧ ಒಪ್ಪಿಸಬೇಕಿತ್ತು. ‘ಆನರ್ಸ್ ಪದವಿಯನ್ನು ತಂದದ್ದೇಕೆ, ತೆಗೆದದ್ದೇಕೆ? ಕನ್ನಡ ಪತ್ರಿಕೆಗಳ ವರದಿಗಳ ವಿಶ್ಲೇಷಣೆ’ ಎಂಬ ಶೀರ್ಷಿಕೆ ಕೊಟ್ಟು ಅವಳು ಸಾರಲೇಖ ಸಲ್ಲಿಸಿದಳು. ಸಮಿತಿಯವರು ಅದನ್ನು ತಿರಸ್ಕರಿಸಲಿಲ್ಲ. ಎರಡು ‘ಏಕೆ’ಗಳನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ಆನರ್ಸ್ ಪದವಿ: ಒಂದು ಅವಲೋಕನ’ ಎಂದು ಬರೆದು, ಅನುಮೋದಿಸಲಾಗಿದೆ ಎಂಬ ಮೊಹರು ಒತ್ತಿ ಮರಳಿಸಿದರು.