ಕಾಳುಮೆಣಸಿನ ಗೋತ್ರಪ್ರವರ

ಮಗನನ್ನು ಕಾಲೇಜಿಗೆ ಸೇರಿಸಲು ವಾಸಸ್ಥಳ ದೃಢೀಕರಣ ಪತ್ರ ಬೇಕೆಂದು ನಾನು ಕಚೇರಿಯೊಂದಕ್ಕೆ ಆರು ಬಾರಿ ಎಡತಾಕಿದೆ. ಅಜ್ಜ ಹುಟ್ಟಿದ ಮನೆಯಲ್ಲೇ ನಾನೂ ಹುಟ್ಟಿದ್ದೇನೆ, ಅದೇ ಮನೆಯ ಜಗಲಿಯಲ್ಲಿ ಕುಳಿತು ಈಗಲೂ ಬರೆಯುತ್ತಿದ್ದೇನೆ ಎಂಬುದನ್ನು ಸಾಬೀತುಪಡಿಸಲು ಪಡಿತರ ಚೀಟಿ, ಪಹಣಿ, ಕಂದಾಯದ ರಸೀದಿ, ಶಾಲೆಯ ವರ್ಗಾವಣೆ ಪತ್ರ ಇವೆಲ್ಲ ಸಾಲದೆ ಹೋಗಿ, ಕೊನೆಗೆ ಗ್ರಾಮ ಲೆಕ್ಕಿಗರು (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನಬೇಕಂತೆ, ಲೆಕ್ಕ ಮಾತ್ರ ಹಳೆಯದೇ) ಮನೆಗೇ ಬಂದು ಅಕ್ಕಪಕ್ಕದವರಿಬ್ಬರ ಹೇಳಿಕೆ ಬರೆಸಿಕೊಂಡು ಹೋದರು. ಇಪ್ಪತ್ತೆರಡನೆಯ ದಿನ ಕಾಗದ ಕೈಗೆ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಅದೇ ಮಧ್ಯಾಹ್ನ ಎರಡು ಚೀಲ ಕಾಳುಮೆಣಸು ಮಾರಲು ಪೇಟೆಗೆ ಹೋದೆ. ವ್ಯಾಪಾರಿ ಚೀಲದೊಳಗೆ ಮೊಣಕೈವರೆಗೆ ಕೈಯಿಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಅಂಗೈಯ ಮೇಲೆ ಊದಿ ಜೊಳ್ಳು ಹಾರಿಸಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ ಹೇಳಿದ: 'ಕಾಳೇನೋ ಚೆನ್ನಾಗಿದೆ ಗೌಡ್ರೇ, ಆದ್ರೆ ಲಂಕಾ ಮಾಲು ಇಳಿದಿದೆ. ಈ ವಾರ ರೇಟಿಲ್ಲ.'

ಆ 'ಲಂಕಾ ಮಾಲಿ'ನ, ಅಂದರೆ ಶ್ರೀಲಂಕಾದ ಹೆಸರಿನಲ್ಲಿ ಬಂದಿಳಿಯುವ ಮೆಣಸಿನ ಕಥೆ ಕೊಡಗಿನವರಿಗೂ ಸಕಲೇಶಪುರ, ಮೂಡಿಗೆರೆಯವರಿಗೂ ನಾನು ಹೇಳಬೇಕಾಗಿಲ್ಲ. ಲೆಕ್ಕವನ್ನಷ್ಟೇ ನೆನಪಿಸುತ್ತೇನೆ. ಹೊರದೇಶದಿಂದ ಬರುವ ಕಾಳುಮೆಣಸಿಗೆ ನಮ್ಮ ಸಾಮಾನ್ಯ ಆಮದು ಸುಂಕ ಶೇ 70. ವಿಯೆಟ್ನಾಂನಿಂದ ನೇರವಾಗಿ ತಂದರೆ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದ ರಿಯಾಯಿತಿ ಕಳೆದು ಶೇ 50ರ ಆಸುಪಾಸು. ಅದೇ ಮೆಣಸು ಶ್ರೀಲಂಕಾದ ತೋಟದಲ್ಲಿ ಬೆಳೆದದ್ದಾದರೆ, 1998ರ ಡಿಸೆಂಬರ್‌ನಲ್ಲಿ ಸಹಿಯಾಗಿ 2000ದ ಮಾರ್ಚ್‌ನಿಂದ ಜಾರಿಯಲ್ಲಿರುವ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಕೃಪೆಯಿಂದ ವರ್ಷಕ್ಕೆ 2,500 ಟನ್‌ವರೆಗೆ ಸುಂಕ ಸೊನ್ನೆ. ಅದನ್ನು ಮೀರಿದರೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ, ಅಂದರೆ ಸಾಫ್ಟಾದ ಅಡಿಯಲ್ಲಿ ಶೇ 8. ಐವತ್ತಕ್ಕೂ ಸೊನ್ನೆಗೂ ನಡುವೆ ಇರುವುದು ಒಂದು ಹಾಳೆ ಕಾಗದ, ಅದರ ಹೆಸರು ಮೂಲ ದೇಶದ ಪ್ರಮಾಣಪತ್ರ. ಧಾರೆ ಎರೆದ ಹೆಣ್ಣಿಗೆ ಗೋತ್ರ ಬದಲಾಗುವಂತೆ, ಗೋಣಿ ಬದಲಾದ ಮೆಣಸಿಗೂ ಗೋತ್ರ ಬದಲಾಗುತ್ತದೆ ಎಂಬುದು ಬೆಳೆಗಾರರ ಸಂಘಗಳು ವರ್ಷಗಳಿಂದ ದೆಹಲಿಗೆ ಹೊತ್ತೊಯ್ಯುತ್ತಿರುವ ದೂರಿನ ತಿರುಳು. ಕೊಲಂಬೊ ಬಂದರಿನಲ್ಲಿ ಎರಡು ರಾತ್ರಿ ತಂಗಿದ ವಿಯೆಟ್ನಾಂ ಕಾಳಿಗೆ ಆ ದೇಶದ ಪೌರತ್ವ ದೊರೆಯುವ ವೇಗವನ್ನು ನೋಡಿದಾಗ, ನಮ್ಮ ನಾಡಕಚೇರಿಗಳ ಸಿಬ್ಬಂದಿಯನ್ನು ಅಲ್ಲಿಗೆ ತರಬೇತಿಗೆ ಕಳುಹಿಸಬೇಕೆಂದು ಅನ್ನಿಸದಿರದು.

ಒಪ್ಪಂದ ಬರೆದವರನ್ನು ದೂರುವಂತಿಲ್ಲ, ಅವರು ಎಚ್ಚರದಿಂದಲೇ ಬರೆದಿದ್ದಾರೆ. ಕೃಷಿ ಉತ್ಪನ್ನವಾದರೆ ಪೂರ್ತಿ ಆ ನೆಲದಲ್ಲೇ ಬೆಳೆದಿರಬೇಕು, ಕಾರ್ಖಾನೆಯ ಸರಕಾದರೆ ಕನಿಷ್ಠ ಶೇ 35ರಷ್ಟು ಮೌಲ್ಯ ಅಲ್ಲೇ ಸೇರಿರಬೇಕು ಎಂದಿದೆ. 'ಮೌಲ್ಯ ಸೇರುವುದು' ಎಂದರೇನು ಎಂಬುದನ್ನು ಜಗತ್ತಿಗೆ ಮೊದಲು ಕಲಿಸಿಕೊಟ್ಟವರು ಕೂಡ ನಮ್ಮವರೇ. ಒಪ್ಪಂದದ ಆರಂಭದ ವರ್ಷಗಳಲ್ಲಿ ಕೆಲವು ಭಾರತೀಯ ಉದ್ಯಮಿಗಳು ಶ್ರೀಲಂಕಾಕ್ಕೆ ಹೋಗಿ, ಮಲೇಷ್ಯಾ, ಇಂಡೋನೇಷ್ಯಾಗಳ ತಾಳೆ ಎಣ್ಣೆಯನ್ನು ಅಲ್ಲಿಗೆ ತರಿಸಿ ವನಸ್ಪತಿ ಮಾಡಿ, ಗುಜರಿ ತಾಮ್ರವನ್ನು ಕರಗಿಸಿ ಸರಳು ಎಳೆದು, ಎರಡನ್ನೂ ಸುಂಕವಿಲ್ಲದೆ ಭಾರತಕ್ಕೆ ಕಳುಹಿಸಿದರು. ಆ ದ್ವೀಪ ನಮಗೆ ಮಾಡುತ್ತಿದ್ದ ರಫ್ತಿನಲ್ಲಿ ಈ ಎರಡರ ಪಾಲೇ ದೊಡ್ಡದಾಗಿ ಕಾಣತೊಡಗಿದಾಗ ದೆಹಲಿ ಕಣ್ಣುಜ್ಜಿಕೊಂಡು ಎದ್ದು, ವನಸ್ಪತಿಗೆ ವರ್ಷಕ್ಕೆ 2.5 ಲಕ್ಷ ಟನ್ನಿನ ಮಿತಿ ಹಾಕಿತು. ನೆರೆಹೊರೆಯ ಪ್ರೀತಿಗಾಗಿ ತೆರೆದ ಬಾಗಿಲಿನಲ್ಲಿ ಮೊದಲು ಒಳಗೆ ಬಂದವರು ನಮ್ಮ ಮನೆಯವರೇ, ಹಿತ್ತಿಲಿನಿಂದ ಸುತ್ತಿಕೊಂಡು.

ಇಲ್ಲಿ ಸ್ವಲ್ಪ ಹಳೆಯ ಕಾಲಕ್ಕೆ ಹೋಗಬೇಕೆನಿಸುತ್ತಿದೆ, ಓದುಗರು ಕ್ಷಮಿಸಬೇಕು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದರು. ಅವರು ಆಕೆಯ ಮಿತ್ರರಲ್ಲ. ಸಮುದ್ರದಲ್ಲಿ ಕಾದಾಡಿದವರು, ಹೊನ್ನಾವರ, ಭಟ್ಕಳಗಳ ಮೇಲೆ ಕಣ್ಣಿಟ್ಟವರು. ಆದರೂ ಹಡಗೇರಿದ ಮೆಣಸು ಯಾವ ಘಟ್ಟದ್ದು, ಯಾರ ಸೀಮೆಯದ್ದು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ, ಪಟ್ಟವನ್ನೇ ಬೆಳೆಯ ಹೆಸರಿನಲ್ಲಿ ಕಟ್ಟಿದರು. ಇನ್ನೂ ಹಿಂದೆ, 1498ರಲ್ಲಿ ವಾಸ್ಕೋ ಡ ಗಾಮ ಆಫ್ರಿಕಾವನ್ನು ಬಳಸಿಕೊಂಡು ಅಷ್ಟು ದೂರದ ಕಡಲನ್ನು ದಾಟಿದ್ದು ಯಾತಕ್ಕೆ? ಅರಬರ ಮತ್ತು ವೆನಿಸ್ಸಿನವರ ಕೈದಾಟಿ ಬರುವ ಮೆಣಸಿನ ಬದಲು, ಮೆಣಸು ಬೆಳೆಯುವ ನೆಲವನ್ನೇ ಮುಟ್ಟಬೇಕೆಂದು. ಐದು ಶತಮಾನ ಕಳೆದ ಮೇಲೆ, ಆ ನೆಲದಲ್ಲೇ ಕುಳಿತಿರುವ ನಾವು ಮೂರನೆಯ ದೇಶದ ಮೆಣಸನ್ನು ಎರಡನೆಯ ದೇಶದ ಕೈಯಿಂದ ಕೊಂಡು ತಿನ್ನುವ ಹಾದಿಯನ್ನು ಕಂಡುಹಿಡಿದಿದ್ದೇವೆ. ಗಾಮನ ಆತ್ಮಕ್ಕೆ ಇದಕ್ಕಿಂತ ದೊಡ್ಡ ಅವಮಾನವನ್ನು ಸ್ವಾತಂತ್ರ್ಯ ಹೋರಾಟಗಾರರೂ ಮಾಡಿರಲಿಲ್ಲ.

ಬೆಳೆಗಾರರ ಕೂಗು ಹೆಚ್ಚಿದಾಗ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿ ಮಾಡಿತು; ಅದಕ್ಕಿಂತ ಅಗ್ಗದ ಮೆಣಸು ದೇಶದೊಳಕ್ಕೆ ಕಾಲಿಡಕೂಡದು ಎಂಬುದು ಆಜ್ಞೆ. ಆಜ್ಞೆ ಹೊರಬಿದ್ದ ಮೇಲೆ ಆಮದುದಾರರು ಏನು ಮಾಡಿರಬಹುದೆಂದು ಊಹಿಸಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಬಿಲ್ಲಿನಲ್ಲಿ 500ಕ್ಕಿಂತ ತುಸು ಹೆಚ್ಚು ಬರೆದರೆ ಮುಗಿಯಿತು. ಶೇ 70 ಸುಂಕವಿದ್ದಿದ್ದರೆ ಬೆಲೆಯನ್ನು ಏರಿಸಿ ಬರೆದವನ ಕೈಯೇ ಸುಡುತ್ತಿತ್ತು, ಸೊನ್ನೆಗೆ ಎಷ್ಟು ಗುಣಿಸಿದರೂ ಸೊನ್ನೆಯೇ ತಾನೆ? ಆಗ ನಮ್ಮ ಪೇಟೆಯಲ್ಲಿ ಮೆಣಸಿನ ಬೆಲೆ ಮುನ್ನೂರು, ಮುನ್ನೂರೈವತ್ತರಲ್ಲಿ ತೂಗಾಡುತ್ತಿತ್ತು. ಹೀಗಾಗಿ ಕಾಗದದ ಪ್ರಕಾರ ಈ ಮಹನೀಯರು ಕೊಲಂಬೊದಲ್ಲಿ 500 ರೂಪಾಯಿಗೆ ಕೊಂಡು, ಹಡಗಿನ ಬಾಡಿಗೆ ತೆತ್ತು, ಇಲ್ಲಿ 350ಕ್ಕೆ ಮಾರುತ್ತಿದ್ದರು. ಕುಂಡಲ ಕಿತ್ತುಕೊಟ್ಟ ಕರ್ಣನ ನಂತರ ಈ ಭರತಖಂಡ ಇಂಥ ದಾನಿಗಳನ್ನು ಕಂಡಿರಲಿಲ್ಲ. ಕಿಲೋಗೆ ನೂರೈವತ್ತು ರೂಪಾಯಿ ಕಳೆದುಕೊಳ್ಳುತ್ತಲೇ ಅವರು ಮನೆಯ ಮೇಲೆ ಮತ್ತೊಂದು ಮಾಳಿಗೆ ಎತ್ತಿದ್ದು ಹೇಗೆ, ಬಿಲ್ಲಿಗೂ ಮಾಲಿಗೂ ನಡುವಿನ ಹಣ ಯಾವ ದಾರಿ ಹಿಡಿದು ಎಲ್ಲಿ ಹೋಯಿತು ಎಂಬ ಪ್ರಶ್ನೆಗಳನ್ನು ಕೇಳಿ ದಾನದ ಮಹಿಮೆಯನ್ನು ಕುಗ್ಗಿಸುವುದು ಸಣ್ಣತನ. ಈಚೆಗೆ ಪೇಟೆಯ ಬೆಲೆಯೇ 500ನ್ನು ದಾಟಿದ್ದರಿಂದ ಆ ಬೇಲಿಗೆ ಈಗ ಯಾವ ಕೆಲಸವೂ ಇಲ್ಲ, ಆದರೂ ಅದು ತನ್ನ ಪಾಡಿಗೆ ನಿಂತಿದೆ.

ಸಾಫ್ಟಾ ಎಂಬ ಹೆಸರನ್ನು ಇಟ್ಟವರಿಗೆ ಕನ್ನಡ ಬರುತ್ತಿತ್ತೇ ಎಂಬ ಸಂಶಯ ನನಗೆ ಬಹಳ ದಿನಗಳಿಂದ ಇದೆ. ಅಷ್ಟು ಚೆನ್ನಾಗಿ ಎಲ್ಲವನ್ನೂ ಸಾಫ್ ಮಾಡುತ್ತದೆ. 1993ರಲ್ಲಿ ಢಾಕಾದಲ್ಲಿ ಸಹಿಯಾದ ಅದರ ಹಿರಿಯಣ್ಣ ಸಾಪ್ಟಾ, ಅಂದರೆ ದಕ್ಷಿಣ ಏಷ್ಯಾ ಆದ್ಯತಾ ವ್ಯಾಪಾರ ಒಪ್ಪಂದ. ತಮ್ಮನಿಗೆ 2004ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ನಾಮಕರಣವಾಗಿ, 2006ರಿಂದ ಉಸಿರಾಟ ಶುರುವಾಯಿತು. ಹೆತ್ತ ಸಾರ್ಕ್ ಎಂಬ ದಕ್ಷಿಣ ಏಷ್ಯಾ ದೇಶಗಳ ಕುಟುಂಬ ಮಾತ್ರ 2014ರ ಕಠ್ಮಂಡು ಶೃಂಗಸಭೆಯ ನಂತರ ಒಂದೇ ಚಾವಡಿಯಲ್ಲಿ ಕುಳಿತಿಲ್ಲ. ಇಷ್ಟೆಲ್ಲ ಒಪ್ಪಂದಗಳ ಮೇಲೂ ಈ ಕುಟುಂಬದೊಳಗಿನ ವ್ಯಾಪಾರ ಅವರ ಒಟ್ಟು ವ್ಯಾಪಾರದ ಶೇ 5ರ ಸುತ್ತಮುತ್ತಲೇ ಇದೆ. ಮಾತು ಬಿಟ್ಟ ದಾಯಾದಿಗಳ ಮನೆಯಲ್ಲಿ ಕೊಡುಕೊಳ್ಳುವಿಕೆ ಹೇಗೆ ನಡೆಯುತ್ತದೆಂದು ನೋಡಬೇಕಾದರೆ ಉತ್ತುತ್ತೆಯನ್ನು, ಅಂದರೆ ಒಣ ಖರ್ಜೂರವನ್ನು ನೋಡಬೇಕು. ಸಿಂಧ್ ಪ್ರಾಂತ್ಯದ ಉತ್ತುತ್ತೆ ನಮ್ಮ ಮದುವೆಮನೆಗಳ ತಟ್ಟೆಗೆ ಎಷ್ಟೋ ಕಾಲದಿಂದ ಬರುತ್ತಿತ್ತು. 2019ರ ಫೆಬ್ರುವರಿಯಲ್ಲಿ ಪಾಕಿಸ್ತಾನದ ಸರಕಿನ ಮೇಲೆ ಶೇ 200 ಸುಂಕ ಬಿತ್ತು, 2025ರ ಮೇ ತಿಂಗಳಿನಲ್ಲಿ ಆಮದೇ ನಿಷೇಧವಾಯಿತು. ಮರುತಿಂಗಳೇ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ತಡೆದ ಕಂಟೈನರುಗಳಲ್ಲಿ ದುಬೈ ವಿಳಾಸ ಹೊತ್ತ ಪಾಕಿಸ್ತಾನದ ಖರ್ಜೂರ ಸಿಕ್ಕಿತು. ಪ್ರೀತಿಯ ನೆರೆಯವನ ಹೆಸರನ್ನು ದೂರದವನು ಹಾಕಿಕೊಳ್ಳುತ್ತಾನೆ, ಜಗಳದ ನೆರೆಯವನು ದೂರದವನ ಹೆಸರನ್ನು ಹಾಕಿಕೊಳ್ಳುತ್ತಾನೆ. ತನ್ನ ಸ್ವಂತ ಹೆಸರಿನಲ್ಲಿ ಗಡಿ ದಾಟುವ ದಡ್ಡ ಸರಕು ಇನ್ನೂ ಎಲ್ಲಾದರೂ ಉಳಿದಿದೆಯೇ?

ನೇಪಾಳದ ಸಾಧನೆಯನ್ನು ಹೊಗಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಹಿಮಾಲಯದ ಆ ದೇಶದಲ್ಲಿ ತಾಳೆ ಎಣ್ಣೆಯ ಮರ ಬೆಳೆಯುವುದಿಲ್ಲ. ಆದರೂ 2019ರ ಸುಮಾರಿಗೆ ಅದರ ರಫ್ತಿನ ಪಟ್ಟಿಯಲ್ಲಿ ತಾಳೆ ಎಣ್ಣೆ ತಲೆಯೆತ್ತಿ ನಿಂತಿತು. ಭಾರತ 2020ರ ಜನವರಿಯಲ್ಲಿ ಸಂಸ್ಕರಿತ ತಾಳೆ ಎಣ್ಣೆಯ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಆ ಮರವನ್ನು ಕಡಿದು ಸೋಯಾ ಬಿತ್ತಿದರೆಂದು ಕಾಣುತ್ತದೆ, ಏಕೆಂದರೆ ಸೋಯಾ ಎಣ್ಣೆಯ ಹೊಳೆ ಶುರುವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ನಾವು ಸಂಸ್ಕರಿತ ಎಣ್ಣೆಯ ಮೇಲಿನ ಸುಂಕವನ್ನು ಶೇ 35.75ಕ್ಕೆ ಏರಿಸಿದಾಗ ಆ ಹೊಳೆಗೆ ಮಹಾಪೂರವೇ ಬಂತು. ಅತಿ ಹಿಂದುಳಿದ ರಾಷ್ಟ್ರವೆಂಬ ಕಾರಣಕ್ಕೆ ಸಾಫ್ಟಾದಡಿ ನೇಪಾಳಕ್ಕೆ ಸುಂಕವಿಲ್ಲ. ಸಮುದ್ರವೇ ಇಲ್ಲದ ಆ ದೇಶಕ್ಕೆ ಕಚ್ಚಾ ಎಣ್ಣೆ ನಮ್ಮ ಬಂದರಿನಲ್ಲೇ ಇಳಿದು, ನಮ್ಮ ರಸ್ತೆಯಲ್ಲೇ ಬೆಟ್ಟ ಹತ್ತಿ, ಸ್ನಾನ ಮಾಡಿ ಶುಭ್ರವಾಗಿ, ನಮ್ಮ ರಸ್ತೆಯಲ್ಲೇ ಇಳಿದು ಬರುತ್ತದೆ. ತೀರ್ಥಯಾತ್ರೆ ಎಂದರೆ ಇದಲ್ಲದೆ ಇನ್ನೇನು?

ನನ್ನ ಭಾವಮೈದುನನದು ತೀರ್ಥಹಳ್ಳಿಯ ಕಡೆ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಸಿ ಬದುಕುವವನು. 2022ರ ಸೆಪ್ಟೆಂಬರ್‌ನಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಸಿಕ್ಕಿದ ಸುದ್ದಿ ಓದಿ ಅವನು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಭೂತಾನದವರು ಅಡಿಕೆ ಬೆಳೆಯುತ್ತಾರೆ, 'ದೋಮಾ' ಎಂದು ಎಲೆ ಸುಣ್ಣದೊಡನೆ ನಮ್ಮಷ್ಟೇ ಶ್ರದ್ಧೆಯಿಂದ ಜಗಿಯುತ್ತಾರೆ ಎಂದು ನಾನು ಸಮಾಧಾನ ಹೇಳಿದೆ. 'ಅವರು ಬೆಳೆದದ್ದು ಬಂದರೆ ಬರಲಿ ಭಾವ, ಅವರ ಹೆಸರಲ್ಲಿ ಬರೋದು ಎಷ್ಟು ಅಂತ ಯಾರು ಎಣಿಸ್ತಾರೆ?' ಎಂದ. ಐದು ತಿಂಗಳ ಮೇಲೆ, 2023ರ ಫೆಬ್ರುವರಿಯಲ್ಲಿ, ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಮೇ ತಿಂಗಳಿನಲ್ಲಿ ರಾಜ್ಯದ ವಿಧಾನಸಭೆಗೆ ಚುನಾವಣೆ ಇತ್ತೆಂಬುದು ಕೇವಲ ಪಂಚಾಂಗದ ವಿಷಯ.

ನಗುತ್ತಲೇ ಬರೆಯಬೇಕೆಂದು ಕುಳಿತಿದ್ದೆ, ಆಗುತ್ತಿಲ್ಲ. ನಮ್ಮ ತೋಟದಲ್ಲಿ ಮೆಣಸು ಕೊಯ್ಯುವವನು ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಮೂವತ್ತು ಅಡಿ ಮೇಲೆ ನಿಂತು ಮೆಣಸಿನ ಗೊಂಚಲು ಬಿಡಿಸುತ್ತಾನೆ. ಎರಡು ವರ್ಷದ ಹಿಂದೆ ಏಣಿ ಜಾರಿ ಬಿದ್ದವನ ಎಡಗಾಲು ಇನ್ನೂ ನೆಟ್ಟಗಾಗಿಲ್ಲ, ಅವನೀಗ ಕೆಳಗೆ ಕುಳಿತು ಕಾಳು ಆರಿಸುತ್ತಾನೆ. ಲಂಕೆಯ ಮಾತಲೆ ಸೀಮೆಯಲ್ಲೂ ಇಂಥವರೇ ಏಣಿ ಹತ್ತುತ್ತಾರೆ, ಅವರ ಕಾಳಿನ ಖಾರವೂ ಎಣ್ಣೆಯೂ ಹೆಸರಾದದ್ದು. ತಮ್ಮ ಊರಿನ ಹೆಸರನ್ನು ಪರರ ಚೀಲಕ್ಕೆ ಅಂಟಿಸಿ ಕಳುಹಿಸಿದರೆ ಅವರಿಗೆ ಒಂದು ಪೈಸೆಯೂ ಸಿಗುವುದಿಲ್ಲ. ಈ ಇಬ್ಬರು ನೆರೆಹೊರೆಯವರಿಗಾಗಿ ಮಾಡಿದ ಒಪ್ಪಂದದಲ್ಲಿ ಈ ಇಬ್ಬರನ್ನು ಬಿಟ್ಟು ಉಳಿದೆಲ್ಲರೂ ಉಂಡರು. ಇಪ್ಪತ್ತೈದು ವರ್ಷ ಇದನ್ನೇ ಮನವಿ ಬರೆದು, ಮಂತ್ರಿಗಳ ಮುಂದೆ ನಿಂತು, ಹಾರ ಹಾಕಿ ಬಂದು ಸಾಕಾಗಿದೆ.

2020ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆಯಲ್ಲ ಎಂದು ತಿಳಿದವರು ಹೇಳುತ್ತಾರೆ. ಹೌದು, ಸರಕಿನ ಮೂಲದ ವಿವರವನ್ನು ಈಗ ಆಮದುದಾರನೇ ತಿಳಿದಿಟ್ಟುಕೊಂಡು, ಐದು ವರ್ಷ ಕಡತದಲ್ಲಿ ಕಾಪಾಡಿಕೊಂಡು, ಕೇಳಿದಾಗ ತೋರಿಸಬೇಕು. ಅಂದರೆ ಮೊದಲು ಒಂದು ಕಾಗದವಿತ್ತು, ಈಗ ಒಂದು ಕಡತವಿದೆ. ಚೀಲಕ್ಕೆ ಕೈಯಿಳಿಸಿ ತಳದ ಕಾಳನ್ನು ಕಡಿದು ನೋಡುವ ನಮ್ಮ ಪೇಟೆಯ ವ್ಯಾಪಾರಿಯನ್ನು ಬಂದರಿನಲ್ಲಿ ಕೂರಿಸಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು.

ಅವನೇ ಕೊನೆಗೆ ನನ್ನ ಜೇಬಿನಿಂದ ಇಣುಕುತ್ತಿದ್ದ ಮೊಹರಿನ ಕಾಗದವನ್ನು ನೋಡಿ ಏನೆಂದು ಕೇಳಿದ. ಹೇಳಿದೆ. 'ಮಗನಿಗೆ ಮಾಡಿಸಿದ್ರಿ, ಮೆಣಸಿಗೂ ಒಂದು ಮಾಡಿಸಬಾರದಿತ್ತೇ ಗೌಡ್ರೇ?' ಎಂದು ನಕ್ಕ. ಒಂದು ಚೀಲ ತೂಗಿಸಿ, ಇನ್ನೊಂದನ್ನು ಜೀಪಿಗೆ ಹಾಕಿಸಿಕೊಂಡು ಹೊರಟೆ. ಸಾಬೂನು ಕೊಳ್ಳಲೆಂದು ಅಂಗಡಿಯೊಂದರ ಮುಂದೆ ನಿಲ್ಲಿಸಿದಾಗ, 'ಮಲೆನಾಡಿನ ಶುದ್ಧ ಕಾಳುಮೆಣಸು' ಎಂದು ಬರೆದ ನೂರು ಗ್ರಾಮಿನ ಪೊಟ್ಟಣ ಕಣ್ಣಿಗೆ ಬಿತ್ತು. ಎಲ್ಲಿ ಕಟ್ಟಿದ್ದೆಂದು ಅದರ ಬೆನ್ನಮೇಲೆ ಇತ್ತು, ಎಲ್ಲಿ ಬೆಳೆದದ್ದೆಂದು ಇರಲಿಲ್ಲ. ಅಭ್ಯಾಸಬಲದಿಂದ ಮೂಲೆ ಹರಿದು, ಅಂಗೈಗೆ ಸುರಿದು ಊದಿದೆ, ಅರ್ಧ ಹಾರಿಹೋಯಿತು. 'ಒಡೆದ ಮೇಲೆ ತಗೊಳ್ಳಲೇಬೇಕು ಸಾರ್' ಎಂದ ಅಂಗಡಿಯ ಹುಡುಗ. ಎರಡು ಚೀಲ ಮೆಣಸು ಮಾರಲು ಹೋದ ಗಂಡ ಒಂದು ಚೀಲವನ್ನೂ ಒಂದು ಪೊಟ್ಟಣವನ್ನೂ ಹೊತ್ತು ಮರಳಿದ್ದನ್ನು ಕಂಡು ಮನೆಯವಳು ಏನೂ ಕೇಳಲಿಲ್ಲ, ಪೊಟ್ಟಣವನ್ನು ಮಾತ್ರ ಸಾರಿನ ಪುಡಿಯ ಡಬ್ಬಿಯ ಹಿಂದೆ ಯಾರಿಗೂ ಕಾಣದಂತೆ ಇಟ್ಟಳು.