ರೀ, ಭುಜ ಅಲ್ಲ, ಸೊಂಟ!

ಗಂಡ ಹೆಂಡತಿ ಸೇರಿ ಹೂಲಾ ಹೂಪ್, ಅಂದರೆ ಸೊಂಟದ ಸುತ್ತ ರಿಂಗ್ ತಿರುಗಿಸುವ ಆಟ, ಕಲಿಯೋಣ ಅಂತ ಹೊರಟರೆ ಮೊದಲ ಜಗಳ ಹೂಪ್ ಸೊಂಟಕ್ಕೆ ಬರುವ ಮುಂಚೆಯೇ ಆಗುತ್ತದೆ. ಯಾವ ಅಳತೆಯದು ತರಬೇಕು ಎನ್ನುವುದರ ಮೇಲೆ. ಪಕ್ಕದ ಮನೆ ಹುಡುಗಿ 28 ಇಂಚಿನ ಪುಟ್ಟ ರಿಂಗನ್ನು ಕುರ್ಕುರೆ ತಿನ್ನುತ್ತಲೇ ತಿರುಗಿಸುವುದನ್ನು ನೋಡಿದ ಯಜಮಾನರಿಗೆ ಚಿಕ್ಕದೇ ಸುಲಭ ಅನಿಸಿರುತ್ತದೆ. ವಿಷಯ ಉಲ್ಟಾ. ಹೂಪ್ ಚಿಕ್ಕದಾದಷ್ಟೂ ಅದನ್ನು ಬೇಗ ಬೇಗ ಸುತ್ತಿಸಬೇಕು. ದೊಡ್ಡದು ನಿಧಾನವಾಗಿ ಸುತ್ತುತ್ತದೆ, ಸೊಂಟಕ್ಕೆ ಯೋಚನೆ ಮಾಡಲು ಪುರುಸೊತ್ತು ಕೊಡುತ್ತದೆ. ಹೊಸದಾಗಿ ಕಲಿಯುವ ದೊಡ್ಡವರಿಗೆ 38ರಿಂದ 42 ಇಂಚು ವ್ಯಾಸ, ಅರ್ಧದಿಂದ ಮುಕ್ಕಾಲು ಕೆಜಿ ತೂಕ ಸರಿ. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಅದರ ತುದಿ ಹೊಕ್ಕುಳಿಗೂ ಎದೆಗೂ ನಡುವೆ ಬರಬೇಕು. ಇಬ್ಬರ ಎತ್ತರ ಬೇರೆಯಾದರೆ ಹೂಪೂ ಬೇರೆ. ಒಂದೇ ತಂದು ‘ಅಡ್ಜಸ್ಟ್ ಮಾಡ್ಕೊಳ್ಳೋಣ’ ಎಂದರೆ ನಡೆಯುವುದಿಲ್ಲ.

ಆನ್‌ಲೈನಿನಲ್ಲಿ ಸಿಗುವ ಎಂಟು ತುಂಡಿನ, ಸ್ಪಂಜು ಸುತ್ತಿದ ಹೂಪ್ ಇದೆಯಲ್ಲ, ಅದರ ಬಗ್ಗೆ ಎಚ್ಚರ. ಒಂದೊಂದು ತುಂಡಿನ ತುದಿಯಲ್ಲೂ ಒಂದು ಗುಂಡಿ ಇರುತ್ತದೆ. ಅದು ‘ಟಕ್’ ಅಂದು ತೂತಿನಿಂದ ಪೂರ್ತಿ ಹೊರಗೆ ಬರದಿದ್ದರೆ, ಹೂಪ್ ಚೆನ್ನಾಗಿ ವೇಗ ಹಿಡಿದ ಹೊತ್ತಿನಲ್ಲೇ ಬಿಚ್ಚಿಕೊಳ್ಳುತ್ತದೆ, ತುಂಡುಗಳು ಎಂಟು ದಿಕ್ಕಿಗೆ. ಪ್ರತಿ ಸಲ ಶುರು ಮಾಡುವ ಮುನ್ನ ಕೀಲುಗಳನ್ನೆಲ್ಲ ಒಮ್ಮೆ ಎಳೆದು ನೋಡಿ. ಎರಡು ಮೂರು ಕೆಜಿ ತೂಕದ ಹೂಪ್ ಕೊಂಡರೆ ಹೊಟ್ಟೆ ಬೇಗ ಕರಗುತ್ತದೆ ಎಂದು ನಂಬುವವರೂ ಇದ್ದಾರೆ. ಬೇಗ ಬರುವುದು ಪಕ್ಕೆಲುಬಿನ ಮೇಲೆ ನೀಲಿ ಕಲೆ.

ಮನೆಯಲ್ಲೇ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು. ಪಂಪ್‌ಸೆಟ್ ಸಾಮಾನಿನ ಅಂಗಡಿಗೆ ಹೋಗಿ 25 ಎಂಎಂ ಕಪ್ಪು ಎಚ್‌ಡಿಪಿಇ ಪೈಪು ಕೇಳಿ. ‘ಎಷ್ಟು ಎಕರೆ ಸಾರ್?’ ಎಂಬ ಪ್ರಶ್ನೆ ಬರಬಹುದು. ‘ಸೊಂಟಕ್ಕೆ’ ಅನ್ನದೆ, ಎರಡಕ್ಕೂ ಸೇರಿಸಿ 21 ಅಡಿ ಕತ್ತರಿಸಿಕೊಡಿ ಅಂದರೆ ಸಾಕು. 40 ಇಂಚಿನ ಹೂಪಿಗೆ ಹತ್ತೂವರೆ ಅಡಿ ಬೇಕು. ಡ್ರಿಪ್ಪಿನ 16 ಎಂಎಂ ಪೈಪು ಕೊಟ್ಟರೆ ಬೇಡ ಎನ್ನಿ, ಅದು ಹಗುರ, ಮಡಚಿಕೊಳ್ಳುತ್ತದೆ. ಪಿವಿಸಿ ಪೈಪಂತೂ ಬಗ್ಗುವುದೇ ಇಲ್ಲ. ಸುರುಳಿಯಲ್ಲಿ ಸುತ್ತಿಟ್ಟ ಎಚ್‌ಡಿಪಿಇ ತನ್ನಷ್ಟಕ್ಕೇ ಬಾಗಿರುವುದರಿಂದ ಅರ್ಧ ಕೆಲಸ ಅಲ್ಲಿಗೇ ಮುಗಿದಿರುತ್ತದೆ. ಜಾಯಿನರ್ ಪೈಪಿನ ಒಳಗೆ ಹೋಗುವಂಥದ್ದಾಗಿರಲಿ. ಹೊರಗಿನಿಂದ ತಿರುಗಿಸಿ ಬಿಗಿಮಾಡುವ ಕಪ್ಲಿಂಗ್ ಹಾಕಿದರೆ ಪ್ರತಿ ಸುತ್ತಿಗೂ ಅದೇ ಗಂಟು ಬೆನ್ನುಮೂಳೆಗೆ ಗುದ್ದುತ್ತದೆ. ಪೈಪಿನ ತುದಿಯನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಮೆತ್ತಗಾದ ಕೂಡಲೇ ಬಟ್ಟೆಯಲ್ಲಿ ಹಿಡಿದು ಜಾಯಿನರ್ ಒತ್ತಿ. ಆಮೇಲೆ ಬಟ್ಟೆಯ ಟೇಪನ್ನು ಓರೆಯಾಗಿ ಸುತ್ತಿ. ಟೇಪು ಬರೀ ಚೆಂದಕ್ಕಲ್ಲ, ನುಣುಪು ಪೈಪು ಜಾರದಂತೆ ಹಿಡಿತ ಕೊಡುವುದೇ ಅದು. ಮುಗಿದ ಮೇಲೆ ಒಂದೇ ಮೊಳೆಗೆ ತೂಗುಹಾಕಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ, ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮಂಚದ ಕೆಳಗೆ ಚಪ್ಪಟೆಯಾಗಿ ಮಲಗಿಸಿ.

ಅಂದಹಾಗೆ, ಪ್ಲಾಸ್ಟಿಕ್ ಹೂಪಿನ ಹುಚ್ಚು ಹರಡಿದ್ದು 1958ರಲ್ಲಿ, ಅಮೆರಿಕದ ವ್ಯಾಮ್-ಓ ಎಂಬ ಆಟಿಕೆ ಕಂಪನಿಯಿಂದ. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಮಕ್ಕಳು ವ್ಯಾಯಾಮಕ್ಕೆ ಬಳಸುತ್ತಿದ್ದ ಬಿದಿರಿನ ರಿಂಗಿನ ಸುದ್ದಿ ಕೇಳಿ ಅವರು ಪಾಲಿಎಥಿಲೀನಿನಲ್ಲಿ ಮಾಡಿದರು. ನಮ್ಮ ಕಪ್ಪು ನೀರಿನ ಪೈಪೂ ಅದೇ ಜಾತಿಯ ಪ್ಲಾಸ್ಟಿಕ್, ಹಾಗಾಗಿ ನಾಚಿಕೆಪಡುವಂಥದ್ದೇನಿಲ್ಲ.

ಇನ್ನು ಜಾಗ. 40 ಇಂಚಿನ ಹೂಪಿನ ಒಂದು ಅಂಚು ಬೆನ್ನಿಗೆ ತಾಗಿದಾಗ ಇನ್ನೊಂದು ಅಂಚು ಹೊಟ್ಟೆಯಿಂದ ಎರಡೂವರೆ ಅಡಿ ಮುಂದಿರುತ್ತದೆ. ಸುತ್ತಲೂ ಇಷ್ಟೇ. ಇಬ್ಬರಾದರೆ ನಡುವೆ ಎಂಟು ಅಡಿ ಬಿಡಿ, ತಪ್ಪಿ ಹಾರಿದ್ದಕ್ಕೂ ಸ್ವಲ್ಪ ಇರಲಿ. ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಟಿವಿ ಒಂದು ಕಡೆ, ಚನ್ನಪಟ್ಟಣದ ಬೊಂಬೆ ತುಂಬಿದ ಶೋಕೇಸು ಇನ್ನೊಂದು ಕಡೆ; ಅಲ್ಲಿ ಇಬ್ಬರೂ ಒಟ್ಟಿಗೆ ತಿರುಗಿಸುವ ಮಾತೇ ಇಲ್ಲ. ಟೆರೇಸು ವಾಸಿ, ಆದರೆ ಬಟ್ಟೆ ತಂತಿ, ಸೋಲಾರ್ ಪೈಪು, ಒಣಗಲು ಹಾಕಿದ ಸಂಡಿಗೆ ಎಲ್ಲವನ್ನೂ ನೋಡಿಕೊಂಡು ನಿಲ್ಲಬೇಕು.

ಬಟ್ಟೆ ಮೈಗೆ ಅಂಟಿದಂತಿರಲಿ, ಹತ್ತಿಯದಾಗಿರಲಿ. ನೈಲಾನ್ ಟ್ರ್ಯಾಕ್ ಪ್ಯಾಂಟು, ರೇಷ್ಮೆ ಎರಡರ ಮೇಲೂ ಹೂಪ್ ಜಾರುತ್ತದೆ. ಲುಂಗಿ, ಪಂಚೆ ಉಟ್ಟು ಪ್ರಯತ್ನಿಸುವ ಧೀರರಿಗೆ ಒಂದು ಮಾತು: ಹೂಪ್ ಇಳಿಯುವಾಗ ಒಂಟಿಯಾಗಿ ಇಳಿಯುವುದಿಲ್ಲ. ಸೀರೆಯಲ್ಲಿ ಆಗುವುದೇ ಇಲ್ಲವೇ ಎಂದರೆ, ದೆಹಲಿಯ ಹೂಪ್ ನರ್ತಕಿ ಎಶ್ನಾ ಕುಟ್ಟಿ 2020ರಲ್ಲಿ ಸೀರೆ ಉಟ್ಟು, ಕಾಲಿಗೆ ಶೂ ಹಾಕಿಕೊಂಡು ಹೂಪಿನೊಂದಿಗೆ ಕುಣಿದ ವಿಡಿಯೋ ದೇಶವೆಲ್ಲ ಓಡಾಡಿತು. ಅವರು ಪಳಗಿದವರು. ಹೊಸಬರು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರೂ ಅದು ಹೂಪಿಗೆ ಸಿಕ್ಕೇ ಸಿಗುತ್ತದೆ.

ಈಗ ಮುಖ್ಯ ವಿಷಯ. ನೂರಕ್ಕೆ ತೊಂಬತ್ತು ಜನ ಸೊಂಟವನ್ನು ರುಬ್ಬುವ ಗುಂಡಿನ ಹಾಗೆ ಗುಂಡಗೆ ತಿರುಗಿಸುತ್ತಾರೆ. ಸುತ್ತಬೇಕಾದ್ದು ಹೂಪ್, ನೀವಲ್ಲ. ಒಂದು ಪಾದ ಸ್ವಲ್ಪ ಮುಂದೆ, ಮಂಡಿ ಸಡಿಲ. ಹೂಪನ್ನು ನೆಲಕ್ಕೆ ಸಮನಾಗಿ ಹಿಡಿದು ಹಿಂದಿನ ಅಂಚನ್ನು ಸೊಂಟದ ಹಿಂಭಾಗಕ್ಕೆ ಒತ್ತಿ, ಒಂದೇ ಬೀಸಿಗೆ ಪಕ್ಕಕ್ಕೆ ತಳ್ಳಿ ಕೈ ಬಿಡಿ. ಈ ಬೀಸು ಓರೆಯಾದರೆ ಆಮೇಲೆ ಸೊಂಟ ಎಷ್ಟೇ ಕಷ್ಟಪಟ್ಟರೂ ಉಳಿಯುವುದಿಲ್ಲ. ಹೂಪ್ ಬೇಗ ಬೀಳಲು ಕಾರಣ ಬಹುಪಾಲು ಇದೇ. ಮುಂದಿನದು ಬರೀ ಹಿಂದೆ-ಮುಂದೆ ತೂಗುವ ಕೆಲಸ. ಹೂಪ್ ಹೊಟ್ಟೆಗೆ ತಾಗಿದಾಗ ಮುಂದಕ್ಕೆ ಒಂದು ಒತ್ತು, ಬೆನ್ನಿಗೆ ತಾಗಿದಾಗ ಹಿಂದಕ್ಕೆ ಒಂದು ಒತ್ತು. ಕಣ್ಣು ಎದುರಿನ ಗೋಡೆಯ ಮೇಲಿರಲಿ. ತಲೆ ಬಗ್ಗಿಸಿ ಹೂಪನ್ನೇ ನೋಡಿದರೆ ಬೆನ್ನು ಬಾಗಿ ಅದೂ ಓರೆಯಾಗುತ್ತದೆ. ಕೈ ಎದೆಯ ಮಟ್ಟಕ್ಕೆ ಎತ್ತಿರಿ, ಇಲ್ಲದಿದ್ದರೆ ಮೊಣಕೈ ಬ್ರೇಕಿನ ಕೆಲಸ ಮಾಡುತ್ತದೆ.

ಹೂಪ್ ತೊಡೆಯ ಕಡೆಗೆ ಜಾರಲು ಶುರುವಾದರೆ ಹೆಚ್ಚಿನವರು ‘ಅಯ್ಯೋ’ ಎಂದು ನಿಂತುಬಿಡುತ್ತಾರೆ. ಆಗಲೇ ಒತ್ತಿನ ವೇಗ ಹೆಚ್ಚಿಸಬೇಕು, ಮಂಡಿ ಬಗ್ಗಿಸಿ ಸೊಂಟವನ್ನು ಹೂಪಿನ ಕೆಳಗೆ ತರಬೇಕು, ಜೊತೆಗೆ ಹೂಪ್ ಸುತ್ತುವ ಕಡೆಗೇ ಮೈ ತಿರುಗಿಸಬೇಕು. ಆಗ ಹೂಪಿನ ಸುತ್ತು ನಿಮಗೆ ನಿಧಾನವೆನಿಸಿ, ಒತ್ತು ಕೊಡಲು ಸಮಯ ಸಿಗುತ್ತದೆ.

‘ನನಗೆ ಹೊಟ್ಟೆ ಇದೆ, ಅದಕ್ಕೇ ಆಗಲ್ಲ’ ಎಂಬ ನೆಪಕ್ಕೂ ವಿಜ್ಞಾನ ಒಪ್ಪುವುದಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಸಣ್ಣ ರೋಬಾಟ್ ದೇಹಗಳಿಗೆ ಹೂಪ್ ಹಾಕಿ ಪರೀಕ್ಷಿಸಿ, 2025ರಲ್ಲಿ ಪಿಎನ್ಎಎಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಇದು: ದೇಹದ ಸುತ್ತಿನ ಆಕಾರ ಉರುಟಾಗಿದೆಯೋ ಅಂಡಾಕಾರವಾಗಿದೆಯೋ ಎನ್ನುವುದರಿಂದ ಸುತ್ತುವುದಕ್ಕೆ ಅಂಥ ವ್ಯತ್ಯಾಸವಿಲ್ಲ. ಆದರೆ ಹೂಪ್ ಬೀಳದೆ ನಿಲ್ಲಲು ಎರಡು ಬೇಕು: ಸೊಂಟದ ಕೆಳಗೆ ಹೊರಕ್ಕೆ ಚಾಚಿದ ಇಳಿಜಾರು, ನಡುವಿನಲ್ಲಿ ಒಳಕ್ಕೆ ಬಾಗಿದ ತಿರುವು. ಇಳಿಜಾರು ಹೂಪನ್ನು ಮೇಲಕ್ಕೆ ತಳ್ಳುತ್ತದೆ, ತಿರುವು ಒಂದೇ ಎತ್ತರದಲ್ಲಿ ಹಿಡಿದಿಡುತ್ತದೆ. ನೇರ ಸಿಲಿಂಡರಿನ ಮೇಲೆ ಹೂಪ್ ಜಾರಿ ಬಿತ್ತು. ಮೇಲಿಂದ ಕೆಳಗಿನವರೆಗೆ ಒಂದೇ ಅಳತೆಯ ಗಂಡಸರು ಹೆಂಡತಿಯರಿಗಿಂತ ಜಾಸ್ತಿ ಬೆವರು ಸುರಿಸಬೇಕಾದ್ದು ಇದೇ ಕಾರಣಕ್ಕೆ. ಅಂಥವರು ದೊಡ್ಡ ಹೂಪ್, ಗಟ್ಟಿ ಟೇಪು, ಜೋರಾದ ಒತ್ತು ಇವುಗಳಿಂದ ಸರಿದೂಗಿಸಿಕೊಳ್ಳಬಹುದು.

ಜೊತೆಯಾಗಿ ಕಲಿಯುವುದರಲ್ಲಿ ಬರುವ ನಿಜವಾದ ತೊಂದರೆ ಇದ್ಯಾವುದೂ ಅಲ್ಲ, ಮಾತು.

‘ರೀ, ಭುಜ ಅಲ್ಲ, ಸೊಂಟ ಆಡ್ಸಿ!’

‘ಸೊಂಟಾನೇ ಕಣೇ ಇದು. ಅದೆಲ್ಲಿದೆ ಅಂತ ನಂಗೊತ್ತಿಲ್ವಾ?’

ಹೇಳುವವರ ಮಾತು ಸರಿಯೇ ಇರಬಹುದು, ಆದರೆ ಕಿವಿಗೆ ಬಿದ್ದು ಸೊಂಟಕ್ಕೆ ಇಳಿಯುವಷ್ಟರಲ್ಲಿ ಹೂಪ್ ಒಂದೆರಡು ಸುತ್ತು ಮುಂದೆ ಹೋಗಿರುತ್ತದೆ. ಆದ್ದರಿಂದ ಹೂಪ್ ಗಾಳಿಯಲ್ಲಿರುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಫೋನಿನಲ್ಲಿ ಚಿತ್ರೀಕರಿಸಲಿ. ಬಿದ್ದ ಮೇಲೆ ನಿಧಾನ ಗತಿಯಲ್ಲಿ ಹಾಕಿ ನೋಡಿದರೆ ಬೀಸು ಓರೆಯಾಗಿತ್ತೋ ಒತ್ತು ತಡವಾಗಿತ್ತೋ ಇಬ್ಬರಿಗೂ ಕಾಣುತ್ತದೆ, ವಾದಕ್ಕೆ ಜಾಗವಿಲ್ಲ. ಎದುರುಬದುರು ನಿಂತು ಒಬ್ಬರನ್ನೊಬ್ಬರು ನಕಲು ಮಾಡುವುದೂ ಬೇಡ. ಇಬ್ಬರೂ ತಮ್ಮ ತಮ್ಮ ಎಡಕ್ಕೇ ತಳ್ಳುತ್ತಿದ್ದರೂ ಎದುರಿನವರದು ಉಲ್ಟಾ ಹೋದಂತೆ ಕಂಡು, ಸರಿಯಾಗಿ ಮಾಡುತ್ತಿದ್ದವರೂ ತಿರುಚಿಕೊಳ್ಳುತ್ತಾರೆ. ಅಕ್ಕಪಕ್ಕ, ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಬಲಗೈಯವರಿಗೆ ಸಾಮಾನ್ಯವಾಗಿ ಎಡಕ್ಕೆ ಸುತ್ತಿಸುವುದು ಸಲೀಸು, ಎಡಗೈಯವರು ಬಲಕ್ಕೆ. ಕಲಿತ ಮೇಲೆ ಇನ್ನೊಂದು ದಿಕ್ಕಿಗೂ ಅಭ್ಯಾಸ ಮಾಡಿ, ಇಲ್ಲದಿದ್ದರೆ ಒಂದೇ ಪಕ್ಕೆ ದುಡಿಯುತ್ತದೆ.

ಮೊದಮೊದಲು ಸಲಕ್ಕೆ ಹತ್ತು ನಿಮಿಷ ಸಾಕು. ಗರ್ಭಿಣಿಯರು, ಹೊಟ್ಟೆಯ ಆಪರೇಷನ್ ಆದವರು, ಡಿಸ್ಕ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಇಬ್ಬರಿಗೂ ಬೇರೆ ಬೇರೆ ಬಂದ ಮೇಲೆ ಒಂದೇ ಹೂಪಿನೊಳಗೆ ಇಬ್ಬರೂ ನಿಲ್ಲುವ ಆಸೆ ಬರುತ್ತದೆ. ಅದಕ್ಕೆ 48 ಇಂಚಿನದಾದರೂ ಬೇಕು, ಅಂದರೆ ಹನ್ನೆರಡೂವರೆ ಅಡಿಗೂ ಮೇಲೆ ಪೈಪು. ಫೋಟೋಗೆ ಚೆಂದ ಎಂದು ಎದುರುಬದುರು ನಿಂತರೆ ಒಬ್ಬರು ಮುಂದಕ್ಕೆ ಒತ್ತುವಾಗ ಇನ್ನೊಬ್ಬರು ಹಿಂದಕ್ಕೆ ಹೋಗಬೇಕು. ಇಬ್ಬರೂ ಒಟ್ಟಿಗೆ ಮುಂದಕ್ಕೆ ಒತ್ತಿದರೆ ಹೊಟ್ಟೆಗೆ ಹೊಟ್ಟೆ ಡಿಕ್ಕಿ, ಹೂಪ್ ಪಾದದ ಮೇಲೆ. ಒಬ್ಬರ ಹಿಂದೆ ಒಬ್ಬರು ಅಂಟಿ ನಿಂತರೆ ಒಂದೇ ದಿಕ್ಕಿನ ಒತ್ತು, ಕಲಿಯುವುದು ಸುಲಭ. ಎತ್ತರದವರು ಹಿಂದೆ ನಿಂತು, ಇಬ್ಬರ ಸೊಂಟವೂ ಒಂದೇ ಮಟ್ಟಕ್ಕೆ ಬರುವಷ್ಟು ಮಂಡಿ ಬಗ್ಗಿಸಬೇಕು. ಇಲ್ಲವಾದರೆ ಹೂಪ್ ಕುಳ್ಳಗಿರುವವರ ಕಡೆಗೆ ವಾಲುತ್ತದೆ, ಬೈಗುಳ ಎತ್ತರದವರ ಕಡೆಗೆ.